ಸಾಹೇಬರ ತಂಗಿಯ ಮದುವೆ

ಗುಮಾಸ್ತ ಚೌಡಯ್ಯನ ತಂಗಿಯ ಮದುವೆಗೆ ನಾಲ್ಕೇ ದಿನ ಉಳಿದಿತ್ತು. ಅವನ ರಜಾ ಅರ್ಜಿ ಮಾತ್ರ ಸಾಹೇಬರ ಟೇಬಲ್ಲಿನಿಂದ ವಾಪಸ್ ಬರುತ್ತಲೇ ಇತ್ತು. ಸಾಹೇಬರಿಗೆ ಇಂಗ್ಲಿಷಿನ ಹುಚ್ಚು.

"ಆಸ್ಕ್ ಅಂತ ಬರೀತೀಯಾ? ನಾನೇನು ನಿನ್ನ ಭಾವಮೈದುನನಾ?"

ಚೌಡಯ್ಯ 'ಬೆಗ್' ಅಂತ ತಿದ್ದಿದ.

"ಇದೇನು ದೇವಸ್ಥಾನದ ಮೆಟ್ಟಿಲಾ?"

'ಡಿಮಾಂಡ್' ನೋಡಿ ಸಾಹೇಬರ ಕನ್ನಡಕವೇ ಜಾರಿತು. "ಕೇಳೋದಕ್ಕೆ ಇಂಗ್ಲಿಷಲ್ಲಿ ಇಪ್ಪತ್ತು ಪದ ಇದೆ ಕಣೋ!"

"ಹಾಗಾದರೆ ತಾವೇ ಒಂದು ಮಾದರಿ ಬರೆದುಕೊಡಿ ಸಾರ್."

ಸಾಹೇಬರು ಉಬ್ಬಿಹೋದರು. 'ಬಿಸೀಚ್' ಎಂದು ಶುರುಮಾಡಿ, ತಂಗಿಯ ಮದುವೆಗೆ ನಾಡಿದ್ದಿನಿಂದ ಮೂರು ದಿನ ರಜೆ ಬೇಕೆಂದು ಪುಟ ತುಂಬಿಸಿದರು.

"ಸಹಿ ಇಲ್ಲದಿದ್ದರೆ ಇಂಥ ಇಂಗ್ಲಿಷ್ ಯಾರದ್ದು ಅಂತ ಗೊತ್ತಾಗೋದು ಹೇಗೆ ಸಾರ್?"

ಸಾಹೇಬರು ಸಹಿಯನ್ನೂ ಜಡಿದರು. ಚೌಡಯ್ಯ ಅದನ್ನು ಆವತ್ತಿನ ಟಪಾಲಿನಲ್ಲೇ ಮೇಲಿನ ಕಚೇರಿಗೆ ಕಳಿಸಿದ.

ಮರುದಿನ ಆದೇಶ ಬಂತು. ತಂಗಿಯ ಮದುವೆ ನಿಮಿತ್ತ ಸಾಹೇಬರಿಗೆ ನಾಳೆಯಿಂದ ಮೂರು ದಿನ ರಜೆ ಮಂಜೂರು.

"ನನಗೆ ತಂಗಿಯೇ ಇಲ್ಲವಲ್ಲೋ, ಕತ್ತೆ!"

"ಮೇಲಿನವರು ತಮ್ಮ ಇಂಗ್ಲಿಷಲ್ಲಿ ಒಂದಕ್ಷರವನ್ನೂ ತಿದ್ದಿಲ್ಲ ಸಾರ್."

ಸಾಹೇಬರ ಮುಖ ಅರ್ಧ ಅರಳಿತು. "ಮತ್ತೆ ನಿನ್ನ ರಜೆ?"

"ತಾವಿಲ್ಲದಾಗ ಹೆಡ್‌ಕ್ಲರ್ಕ್ ಚಂದ್ರಮ್ಮನವರೇ ಇನ್‌ಚಾರ್ಜ್ ಸಾರ್. ಅವರಿಗೆ ಕನ್ನಡದಲ್ಲಿ ಕೇಳಿದರೂ ಅರ್ಥವಾಗುತ್ತೆ."