ಹೆರೆದು ಬಂದ ಹೊಳಪು

ಸಾಹೇಬರ ಕರಿ ಕಾರಿನ ಬಣ್ಣದ ಮೇಲೆ ಬಿಸಿಲು ಬಿದ್ದರೆ ಸಾಕು, ಮೈತುಂಬ ಜೇಡರ ಬಲೆಯಂಥ ಗೀರುಗಳು ಎದ್ದು ಕಾಣುತ್ತಿದ್ದವು. ದಿನಾ ಬೆಳಿಗ್ಗೆ ಅದರ ಮೇಲಿನ ಧೂಳನ್ನು ಒಣಬಟ್ಟೆಯೊಂದು ಉಜ್ಜಿ ಒರೆಸುತ್ತಿತ್ತು. ಧೂಳಿನ ಕಣಗಳೇ ಉಗುರುಗಳಾಗಿ ಪರಚುತ್ತಿದ್ದವು.

"ಮೊದಲು ನೀರು ಬೀಳಲಿ ಮಾರಾಯ, ಧೂಳು ಹೋಗಲಿ. ಆಮೇಲೆ ಒರೆಸು," ಎಂದು ಬಣ್ಣ ಬೇಡಿತು.

"ಸೇವೆ ಮಾಡುವವನಿಗೇ ಬುದ್ಧಿ ಹೇಳ್ತೀಯಾ?" ಎಂದು ಬಟ್ಟೆ ಗದರಿತು.

ಗೀರು ಹೆಚ್ಚಿದಾಗ ಸಾಹೇಬರು ಪಾಲಿಶ್ ಚಕ್ರವನ್ನು ತರಿಸಿದರು. ಚಕ್ರ ಗಿರ್ರನೆ ತಿರುಗಿತು, ಗೀರುಗಳು ಮಾಯವಾದವು.

"ನನ್ನ ಗಾಯ ಮುಚ್ಚಿದೆಯಾ ಅಣ್ಣ?" ಎಂದಿತು ಬಣ್ಣ.

"ಹುಚ್ಚಪ್ಪ, ಮುಚ್ಚೋದು ನನಗೆ ಬರೋದಿಲ್ಲ. ಗೀರಿನ ಆಳದವರೆಗೂ ನಿನ್ನ ಚರ್ಮ ಹೆರೆದಿದ್ದೇನೆ, ಅಷ್ಟೆ."

"ಹಾಗಾದರೆ ಆ ಬಟ್ಟೆಗಾದರೂ ಬುದ್ಧಿ ಹೇಳು!"

"ಹೇಳಿದರೆ ನನ್ನನ್ನು ಯಾರು ಕರೀತಾರೆ?"

ಒರೆಸುವುದು, ಹೆರೆಯುವುದು ವರ್ಷಗಟ್ಟಲೆ ನಡೆಯಿತು. ಪ್ರತಿ ಸಲವೂ ಕಂಡವರೆಲ್ಲ ಹೊಳಪನ್ನು ಹೊಗಳಿದರು. ಬಣ್ಣ ಮಾತ್ರ ತೆಳ್ಳಗಾಗುತ್ತಲೇ ಹೋಯಿತು. ಕೊನೆಗೊಂದು ದಿನ ಚಕ್ರದಡಿ ಅದು ಸವೆದು ಹರಿದು, ಬಾನೆಟ್ಟಿನ ಮೇಲೆ ತಗಡು ಇಣುಕಿತು. ಸಾಹೇಬರು ಬಗ್ಗಿ ನೋಡಿ ಮುಖ ಸಿಂಡರಿಸಿದರು.

"ಥೂ, ಕಳಪೆ ಬಣ್ಣ! ಇಷ್ಟು ಆರೈಕೆ ಮಾಡಿದರೂ ಬಾಳಲಿಲ್ಲ. ಪೂರ್ತಿ ಕೆರೆದು ಬಿಸಾಕಿ."

"ಹೌದು ಸ್ವಾಮಿ," ಎಂದವು ಬಟ್ಟೆ ಮತ್ತು ಚಕ್ರ.