ಕಿರಿಹೊಳೆ ಮರಳಿನ ಕೆಳಗೆ ಇಳಿದದ್ದು

ಕಿರಿಹೊಳೆಯ ಕೈಲಾಗುವುದಿಲ್ಲ ಎಂದು ಮೊದಲು ಹೇಳಿದವನು ಅವಳ ಅಪ್ಪ, ಗುಡ್ಡ.

ಆಗ ಭೂಮಿ ಇನ್ನೂ ಹೊಸದು. ಬಂಡೆಗಳ ಮೈ ಬೆಚ್ಚಗಿತ್ತು. ಬಯಲಿಗೆ ಯಾವ ಹಾದಿಯೂ ಬಿದ್ದಿರಲಿಲ್ಲ. ಗುಡ್ಡನ ಹಿರಿಯ ಹೆಣ್ಣುಮಕ್ಕಳೆಲ್ಲ ಪಡುವಣ ಕಾಡಿಗಿಳಿದು, ದಿನವೂ ಮಳೆ ಕುಡಿದು, ಮೈತುಂಬಿ ಹರಿಯುತ್ತಿದ್ದರು. ಕಿರಿಯವಳಿಗೆ ಸಿಕ್ಕಿದ್ದು ಒಂದು ಬಂಡೆಯ ಬಿರುಕು, ಅದರಲ್ಲಿ ಬೊಗಸೆಯಷ್ಟು ನೀರು. ಎದುರಿಗೆ ಮೂಡಣ ಬಯಲು, ಬರೀ ಬಿಸಿಲು.

"ಅಪ್ಪಾ, ನಾನು ಹೊರಟೆ."

"ಎಲ್ಲಿಗವ್ವಾ?"

"ಬಯಲಿಗೆ."

ಗುಡ್ಡ ನಕ್ಕ. ಅವನು ನಕ್ಕರೆ ಕಲ್ಲುಗಳು ಉರುಳುತ್ತಿದ್ದವು. "ನಿನ್ನ ಅಕ್ಕಂದಿರೇ ಆ ಕಡೆ ತಲೆ ಹಾಕಲಿಲ್ಲ. ಬೊಗಸೆ ನೀರು ಇಟ್ಕೊಂಡು ನೀನು ಹೋಗ್ತೀಯಾ? ಮೂರು ಮಾರು ದಾಟೋದ್ರೊಳಗೆ ಇಂಗಿ ಹೋಗ್ತೀಯ. ಸುಮ್ನೆ ಬಿರುಕಲ್ಲಿ ಬಿದ್ದಿರು."

ಗಾಳಿಯೂ ಸೇರಿಕೊಂಡಿತು. "ನಾನೊಂದು ಸಲ ಉಫ್ ಅಂದ್ರೆ ಮುಗೀತು ಇವಳ ಕಥೆ!"

ವಾದಕ್ಕೆ ಖರ್ಚು ಮಾಡುವಷ್ಟು ನೀರು ಕಿರಿಹೊಳೆಯಲ್ಲಿ ಇರಲಿಲ್ಲ. ಹೊರಟಳು, ಅಷ್ಟೆ.

ಅಡ್ಡ ಬಂದ ಬಂಡೆಗೆ ತಲೆ ಕೊಟ್ಟಳು. ಒಂದು ವರ್ಷ ಬಂಡೆ ಅಲುಗಲಿಲ್ಲ. ನೂರು ವರ್ಷ ಅಲುಗಲಿಲ್ಲ. ನೂರೊಂದನೆಯ ವರ್ಷ ಸೀಳಿತು. ಸೀಳಿದ ಕಲ್ಲನ್ನು ಉರುಳಿಸಿದಳು, ಉಜ್ಜಿದಳು, ರಾಗಿ ಬೀಸುವ ಹಾಗೆ ಬೀಸಿದಳು. ಮರಳು ಹುಟ್ಟಿದ್ದು ಹಾಗೆ. ದಾರಿಯಲ್ಲಿ ಯಾರಿಗೂ ಬೇಡವಾದ ಸಣ್ಣಪುಟ್ಟ ಹಳ್ಳಗಳನ್ನು ಕೈಹಿಡಿದು ಕರೆದುಕೊಂಡಳು. ಬಯಲಿಗೆ ಬಂದಾಗ ಅವಳ ಅಗಲ ಎಷ್ಟಿತ್ತೆಂದರೆ, ಈ ದಡದಲ್ಲಿ ಕೂಗಿದರೆ ಆ ದಡಕ್ಕೆ ಕೇಳುತ್ತಿರಲಿಲ್ಲ.

ನೀರು ಬಂದ ಮೇಲೆ ಮನುಷ್ಯರು ಬಂದರು. ಬರದೆ ಇರುತ್ತಾರೆಯೇ? ಮೇಲೆ ಒಂದು ಊರಾಯಿತು, ಮೇಲೂರು. ಕೆಳಗೆ ಒಂದು ಊರಾಯಿತು, ಕೆಳಗೂರು. ಎರಡೂ ಊರಿನವರು ಬಂದು ಕೈಮುಗಿದರು.

"ಅವ್ವಾ, ಒಂದು ಒಡ್ಡು ಕಟ್ಕೊಳ್ತೀವಿ. ಗದ್ದೆಗೆ ನೀರು ಹಾಯಿಸ್ಬೇಕು."

"ಕಟ್ಕೊಳ್ಳಿ. ಆದ್ರೆ ಇಬ್ಬರಿಗೂ ಸರದಿ ಇರಬೇಕು. ಸರದಿ ತಪ್ಪಿದ್ರೆ ನಾನು ಸುಮ್ಮನಿರೋಳಲ್ಲ."

ಸರದಿ ಅಳೆಯುವುದಕ್ಕೆ ಒಂದು ತಾಮ್ರದ ಬಟ್ಟಲು ಮಾಡಿಸಿದರು. ಅದರ ತಳದಲ್ಲಿ ಎಳ್ಳುಕಾಳಿನಷ್ಟು ತೂತು. ನೀರು ಹಂಚುವ ನೀರುಗಂಟಿ ಮೂಡ್ಲಪ್ಪ ಬೆಳಿಗ್ಗೆ ಅದನ್ನು ಹಂಡೆಯ ನೀರಿನ ಮೇಲೆ ತೇಲಿಬಿಡುತ್ತಿದ್ದ. ತೂತಿನಿಂದ ನೀರು ಒಸರಿ ಒಸರಿ, ಮಧ್ಯಾಹ್ನದ ಹೊತ್ತಿಗೆ ಬಟ್ಟಲು ಗುಳುಕ್ ಎಂದು ಮುಳುಗುತ್ತಿತ್ತು. ಅಲ್ಲಿಯವರೆಗೆ ಮೇಲೂರಿನ ಸರದಿ. ಮುಳುಗಿದ ಕೂಡಲೇ ಒಡ್ಡಿನ ತೂಬು ತೆರೆಯಬೇಕು. ಆಮೇಲೆ ಕೆಳಗೂರಿನ ಸರದಿ.

ಬಟ್ಟಲು ಸುಳ್ಳು ಹೇಳುವುದಿಲ್ಲ ಎಂದು ಎಲ್ಲರೂ ನಂಬಿದರು. ಹೊಳೆಯೂ ನಂಬಿದಳು. ಬಟ್ಟಲನ್ನು ನಂಬಬಹುದಿತ್ತು. ಕೈಗಳನ್ನು ನಂಬಬಾರದಿತ್ತು.

ಒಂದು ಬೇಸಿಗೆ ಮೇಲೂರಿನ ಯಜಮಾನ ಕಾಟಯ್ಯ ಹೊಲಕ್ಕೆಲ್ಲ ಕಬ್ಬು ಹಾಕಿದ. ಕಬ್ಬಿಗೆ ಎಷ್ಟು ಕುಡಿದರೂ ದಾಹ. ಒಂದು ದಿನ ಬೆಳಿಗ್ಗೆ ಬಟ್ಟಲು ತೇಲಿತು. ಮಧ್ಯಾಹ್ನವಾಯಿತು. ಸಂಜೆಯಾಯಿತು.

"ಮೂಡ್ಲಪ್ಪಾ, ಬಟ್ಟಲು ಮುಳುಗಿತಾ?" ಎಂದು ಹೊಳೆ ಒಡ್ಡಿನ ಹಿಂದಿನಿಂದ ಕೇಳಿದಳು.

"ಇನ್ನೂ ಇಲ್ಲವ್ವ."

ಮರುದಿನ ಕೇಳಿದಳು. "ಬಟ್ಟಲು ಮುಳುಗಿತಾ?"

"ಇನ್ನೂ ಇಲ್ಲವ್ವ."

ಎಂಟು ದಿನ ಕೇಳಿದಳು. ಎಂಟು ದಿನವೂ ಅದೇ ಉತ್ತರ. ಮೂಡ್ಲಪ್ಪನ ಮಾತು ಯಾಕೋ ಮುದ್ದೆಮುದ್ದೆಯಾಗಿತ್ತು. ಬಾಯಲ್ಲಿ ಬೆಲ್ಲದ ಉಂಡೆ ಇದ್ದವನ ಮಾತು ಹಾಗೆಯೇ ಇರುತ್ತದೆ.

ಹರಿಯುವವಳು ನಿಂತಳು. ನಿಂತವಳನ್ನು ಸೂರ್ಯ ಕಂಡ. ಬಾಗಿ ಕುಡಿಯತೊಡಗಿದ.

"ಏಯ್, ನಿನಗೇನು ಬಂತು?" ಎಂದಳು ಹೊಳೆ.

"ನನ್ನ ಬೈಬೇಡ ತಾಯಿ. ನಿಂತ ನೀರು ಕುಡಿಯೋದು ನನ್ನ ಕಸುಬು. ಹರೀತಿದ್ದಾಗ ನನ್ನ ಬಾಯಿಗೆ ಇಷ್ಟು ಸಿಗ್ತಿದ್ಯಾ ನೀನು?"

ಒಂಬತ್ತನೆಯ ದಿನ ಒಡ್ಡಿನ ಸಂದಿಯಿಂದ ಒಂದು ಏಡಿ ಅಡ್ಡಡ್ಡ ಓಡಿ ಬಂತು. "ಅವ್ವಾ, ಹಂಡೆಗೆ ಇಳಿದು ನೋಡ್ಕೊಂಡು ಬಂದೆ. ಬಟ್ಟಲಿನ ತೂತಿಗೆ ಜೇನುಮೇಣ ಮೆತ್ತವ್ರೆ! ಅದು ಯುಗ ಕಳೆದ್ರೂ ಮುಳುಗಲ್ಲ."

ಹೊಳೆಯ ಮೈ ಕುದಿಯಿತು. "ಕಾಟಯ್ಯಾ!" ಎಂದು ಕೂಗಿದಳು. ಕಬ್ಬಿನ ಗರಿಗಳು ನಡುಗಿದವು.

ಕಾಟಯ್ಯ ಒಡ್ಡಿನ ಮೇಲೆ ಬಂದು ನಿಂತ. "ಏನದು ಗಲಾಟೆ?"

"ತೂಬು ತೆರೆ."

"ಬಟ್ಟಲು ಮುಳುಗಲಿ, ತೆರೀತೀನಿ. ನ್ಯಾಯ ಅಂದ್ರೆ ನ್ಯಾಯ."

"ಮೇಣ ಮೆತ್ತಿದ ಬಾಯಲ್ಲಿ ನ್ಯಾಯ ಬರುತ್ತಾ? ಕೆಳಗಿನ ಊರಲ್ಲಿ ಜನ ಸಾಯ್ತಿದ್ದಾರೆ."

"ನನ್ನ ಒಡ್ಡು, ನನ್ನ ನೀರು."

"ನಿನ್ನದಾ? ಯಾವ ಬಂಡೆ ಒಡೆದೆ ನೀನು? ಯಾವ ಕಲ್ಲು ಬೀಸಿದೆ? ನಾನು ಈ ಬಯಲಿಗೆ ಬರುವಾಗ ನನ್ನ ಜೊತೆ ಯಾರಿದ್ರೋ? ಬಂದ ಮೇಲೆ ನೀನು ಬಂದೆ, ಚೊಂಬು ಹಿಡ್ಕೊಂಡು!"

ಕಾಟಯ್ಯ ಮೀಸೆ ತಿರುವಿದ. "ಹೆಣ್ಣಿಗೆ ಇಷ್ಟು ಸೊಕ್ಕು ಒಳ್ಳೇದಲ್ಲ. ಒಡ್ಡು ಒಡೀತೀಯಾ? ಒಡಿ, ನೋಡೇಬಿಡೋಣ."

ಅವಳು ತಲೆ ಕೊಟ್ಟಳು. ಒಡ್ಡು ಅಲುಗಲಿಲ್ಲ. ಸೂರ್ಯ ಕುಡಿದು, ಕಬ್ಬು ಕುಡಿದು, ಅವಳಲ್ಲಿ ಉಳಿದಿದ್ದ ನೀರು ಮೊಣಕಾಲುದ್ದ. ನೂರು ವರ್ಷ ಗುದ್ದಬಹುದಿತ್ತು. ಆದರೆ ಕೆಳಗೂರಿನ ಗಡಿಗೆಗಳಿಗೆ ನೂರು ವರ್ಷದ ಪುರುಸೊತ್ತು ಇರಲಿಲ್ಲ.

ಆಗ ಅವಳ ಕಾಲ ಕೆಳಗೆ ಮರಳು ತಣ್ಣಗೆ ಸರಿಯಿತು. "ಅವ್ವಾ, ನಿನ್ನ ಕೈಯಾರೆ ಬೀಸಿ ಮಾಡಿದ್ದು ನಮ್ಮನ್ನ. ಒಂದೊಂದು ಕಾಳಿನ ನಡುವೆಯೂ ಜಾಗ ಐತೆ. ಒಡ್ಡು ಮೇಲಿದೆ, ನಾವು ಕೆಳಗಿದ್ದೀವಿ."

"ಮೀನುಗಳು?" ಎಂದು ಕೇಳಿದಳು ಹೊಳೆ.

ಮೀನು ಹಿಡಿಸುವಷ್ಟು ಜಾಗ ಮರಳಿನಲ್ಲಿ ಇರಲಿಲ್ಲ.

ಅವಳು ಮೀನುಗಳ ಮೈ ಒಮ್ಮೆ ಸವರಿದಳು. ಆಮೇಲೆ ಮರಳಿನೊಳಕ್ಕೆ ಇಳಿದಳು.

ಬೆಳಿಗ್ಗೆ ಕಾಟಯ್ಯ ಎದ್ದು ನೋಡಿದರೆ ಒಡ್ಡಿನ ಹಿಂದೆ ಬರೀ ಕೆಸರು. ಕೆಸರಲ್ಲಿ ಮೀನುಗಳು ಬಾಯಿ ತೆರೆದು ಬಿದ್ದಿದ್ದವು. ವಾರದೊಳಗೆ ಕಬ್ಬು ಒಣಗಿ ಸೌದೆಯಾಯಿತು. ಹಂಡೆಯಲ್ಲಿ ಬಟ್ಟಲು ಮಾತ್ರ ತೇಲುತ್ತಲೇ ಇತ್ತು. ಸರದಿ ಇನ್ನೂ ಅವನದೇ! ಅನುಭವಿಸಲಿ.

ಕೆಳಗೂರಿನಲ್ಲಿ ಮಾರಕ್ಕ ಎಂಬ ಹೆಂಗಸು ಇದ್ದಳು. ಅವಳ ಮನೆಯಲ್ಲಿ ಬಾಣಂತಿ ಮಗಳು, ಹದಿನಾರು ದಿನದ ಕೂಸು. ಗಡಿಗೆಯಲ್ಲಿ ಉಳಿದದ್ದು ಒಂದೇ ಚೊಂಬು ನೀರು. ತಾಯಿಗೆ ನೀರಿಲ್ಲದೆ ಕೂಸಿಗೆ ಹಾಲೆಲ್ಲಿಂದ ಬರಬೇಕು? ಮಾರಕ್ಕ ಕೊಡ ಹೊತ್ತು ಬಂದು ಒಣ ಹೊಳೆಯಲ್ಲಿ ಕೂತು ಬೈದಳು.

"ನಂಬಿಸಿ ಕೈ ಕೊಟ್ಟೆಯಲ್ಲೇ! ನಿನ್ನ ಹಾಲು ಕುಡಿದು ಬೆಳೆದೋರು ನಾವು. ಎಲ್ಲಿ ಸತ್ತೆ?"

"ಸತ್ತಿಲ್ಲ ಕಣೇ," ಎಂದಿತು ಒಂದು ದನಿ, ಅವಳ ಮಂಡಿಯ ಕೆಳಗಿನಿಂದ. "ಬಗ್ಗಿ ತೋಡು. ಗುದ್ದಲಿ ಬೇಡ, ಕೈಯಲ್ಲಿ."

ಮಾರಕ್ಕ ತೋಡಿದಳು. ಗೇಣು ಆಳಕ್ಕೆ ಮರಳು ತಂಪಾಯಿತು. ಮೊಳ ಆಳಕ್ಕೆ ನೀರು ಜಿನುಗಿತು. ಅವಳು ಕೊಡ ಅದ್ದಲು ಹೋದಳು.

"ತಡಿ! ಮೊದಲನೇದು ರಾಡಿ, ಮೊಗೆದು ಚೆಲ್ಲು. ಕೂತು ಕಾಯಿ. ತಿಳಿಯಾದ ಮೇಲೆ ತುಂಬ್ಕೋ. ಹೋಗುವಾಗ ಗುಂಡಿ ಮುಚ್ಚಬೇಡ. ನರಿ, ನವಿಲು, ದನಗಾಹಿ, ಯಾರಾದ್ರೂ ಬರ್ತಾರೆ. ಇನ್ನು ಮೇಲೆ ಬಟ್ಟಲೂ ಇಲ್ಲ, ನೀರುಗಂಟಿಯೂ ಇಲ್ಲ. ಮಂಡಿ ಊರಿ ಕಾಯೋರಿಗೆ ನೀರು."

ಕೊಡ ತುಂಬಿತು. ಮಾರಕ್ಕ ಕಣ್ಣೊರೆಸಿಕೊಂಡಳು. "ಮೇಲಕ್ಕೆ ಬಾರವ್ವಾ. ಎಲ್ಲರೂ ಕಾಟಯ್ಯ ಅಲ್ಲ."

"ಎಲ್ಲರೂ ಅಲ್ಲ. ಒಬ್ಬ ಸಾಕಾಗಿತ್ತು. ಮಳೆ ಬಂದ ನಾಲ್ಕು ದಿನ ಮೇಲೆ ಬರ್ತೀನಿ. ಆಗ ಸಿಟ್ಟಲ್ಲೇ ಇರ್ತೀನಿ, ಅಡ್ಡ ನಿಲ್ಲಬೇಡಿ. ಇನ್ನೊಂದು ಮಾತು ಊರಿಗೆಲ್ಲ ಹೇಳು. ನೀರು ಮೊಗೀರಿ, ಮರಳು ಮುಟ್ಟಬೇಡಿ. ಒಂದು ಬುಟ್ಟಿ ಮರಳು ಹೊತ್ತರೆ ನಾನು ಒಂದು ಗೇಣು ಕೆಳಗೆ ಹೋಗ್ತೀನಿ. ಕರೆದರೂ ಬರಲ್ಲ."

ಅವತ್ತು ಆ ಕೂಸು ಬದುಕಿತು. ಹಾಗೆ ತೋಡಿದ ಗುಂಡಿಗೆ ಒರತೆ ಎಂದು ಹೆಸರಾಯಿತು. ಹೇಳಿದ ಮಾತನ್ನು ಮಾರಕ್ಕನ ಕಾಲದವರು ಕೇಳಿದರು. ಆಮೇಲಿನವರು ಲಾರಿ ತಂದರು.

ಬೇಸಿಗೆಯಲ್ಲಿ ಸೇತುವೆ ಮೇಲೆ ನಿಂತು, "ಅಜ್ಜೀ, ಹೊಳೆ ಎಲ್ಲಿ?" ಎಂದು ಕೇಳುತ್ತೀಯಲ್ಲ ಪುಟ್ಟೀ, ಅವಳು ಅಲ್ಲೇ ಇದ್ದಾಳೆ, ನಿನ್ನ ಕಣ್ಣಿಗೆ ಕಾಣುವ ಬಿಳಿ ಮರಳಿನ ಕೆಳಗೆ. ಕೆಲವು ಕಡೆ ಮೊಳದಷ್ಟು ಆಳ. ಲಾರಿಗಳು ಬಗೆದು ಹೋದ ಕಡೆ ಎಷ್ಟು ಆಳವೋ ನನಗೆ ತಿಳಿಯದು, ಅಲ್ಲಿ ನಾನೂ ತೋಡಿ ಬರಿಗೈಯಲ್ಲಿ ಬಂದಿದ್ದೇನೆ. ಮರಳಿನಡಿಯ ಆ ಕತ್ತಲ ಹಾದಿ ಪೂರ್ತಿ ಅವಳದೇ, ಅಲ್ಲಿ ಯಾರ ಒಡ್ಡೂ ಇಲ್ಲ. ಅದಕ್ಕೆ ಅವಳು ತೆತ್ತದ್ದು ಇಡೀ ಆಕಾಶ, ಒರತೆಯ ನೀರಲ್ಲಿ ನಿನಗೆ ಕಾಣುವ ತಟ್ಟೆಯಷ್ಟು ಚೂರೊಂದನ್ನು ಬಿಟ್ಟು.