ಅಂದಾನಿ ಟಾರ್ಚು ತಂದ ಕತೆ

ಕೂತ್ಕೊಳ್ಳಿ, ಕೂತ್ಕೊಳ್ಳಿ. ಬಾಯಲ್ಲಿ ಎಲೆಅಡಿಕೆ ಇರೋರು ಉಗಿದು ಬನ್ನಿ. ಆಮೇಲೆ ನಕ್ಕು ಪಕ್ಕದೋರ ಪಂಚೆ ಕೆಂಪು ಮಾಡಿದರೆ ಕತೆ ಹೇಳಿದೋನ ಮೇಲೆ ಬರಬಾರದು!

ಒಂದೂರಲ್ಲಿ ಹೊಂಬಾಳಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಅಂದಾನಿ. ಆಳು ಅಂದರೆ ಆಳು! ಬಾಗಿಲಲ್ಲಿ ಬಗ್ಗಿ ಬರಬೇಕು, ಎರಡು ಮೂಟೆ ಹೊತ್ತರೂ ಓಡಬೇಕು. ಮೈಗೆ ಇಷ್ಟೆಲ್ಲ ತುಂಬೋ ಹೊತ್ತಿಗೆ ಬ್ರಹ್ಮನಿಗೆ ಸುಸ್ತಾಗಿ, ತಲೆ ಹತ್ತಿರ ಬಂದಾಗ ಮಲಗಿಬಿಟ್ಟ. ಆದರೆ ಅವ್ವ ಹೇಳಿದ್ದನ್ನ ಅಂದಾನಿ ಮೀರೋನಲ್ಲ. ಒಂದು ಮಾತು ಕಮ್ಮಿ ಮಾಡೋನಲ್ಲ, ಒಂದು ಮಾತು ಜಾಸ್ತಿ ಮಾಡೋನಲ್ಲ. ಅಲ್ಲೇ ಬಂತು ನೋಡಿ ಫಜೀತಿ.

ಅವರ ಮನೇಲಿ ರೇಷ್ಮೆ ಹುಳ ಸಾಕೋದು. ಹುಳದ ಮನೆ ಅಂದರೆ ಗೊತ್ತಲ್ಲ, ಕಿಟಕಿಗೆಲ್ಲ ಗೋಣಿ ಪರದೆ, ಹಗಲಲ್ಲೂ ಕತ್ತಲು. ಹುಳ ಸೊಪ್ಪು ತಿಂದೂ ತಿಂದೂ ಒಂದು ದಿನ ಸಾಕು ಅನ್ನುತ್ತೆ. ಮೈ ಹಳದಿಯಾಗಿ ಹೊಳೆಯುತ್ತೆ. ಅದಕ್ಕೆ ಹುಳ ಹಣ್ಣಾಯ್ತು ಅಂತಾರೆ. ಹಣ್ಣಾದ ಹುಳವನ್ನ ಅವತ್ತೇ ಆರಿಸಿ ಚಂದ್ರಿಕೆ ಮೇಲೆ ಬಿಡಬೇಕು. ಚಂದ್ರಿಕೆ ಅಂದರೆ ಬಿದಿರು ಪಟ್ಟಿ ಸುತ್ತು ಸುತ್ತಾಗಿ ಕಟ್ಟಿರೋ ದೊಡ್ಡ ಚಾಪೆ, ಅದರ ಸಂದೀಲಿ ಹುಳ ಕೂತು ಗೂಡು ಕಟ್ಟುತ್ತೆ. ಬಿಡದಿದ್ದರೆ ಕಸದಲ್ಲೇ ಗೂಡು ಕಟ್ಟಿ, ತಿಂಗಳ ದುಡಿಮೆ ತಿಪ್ಪೆ ಪಾಲು.

ಹೊಂಬಾಳಮ್ಮನ ಕಣ್ಣು ಮಂಜು. ಗಂಡನ ಕಾಲದ ಟಾರ್ಚು, ಮೊಳದುದ್ದದ್ದು, ಹೋದ ವಾರ ಕಣ್ಣು ಮುಚ್ಚಿತು. ಹುಳ ಹಣ್ಣಾಗೋಕೆ ಇನ್ನು ನಾಲ್ಕೇ ದಿನ! ಅದೇ ದಿನ ಪಕ್ಕದೂರಿನ ತಿಬ್ಬೇಗೌಡರು ಬರ್ತಾರೆ. ಯಾಕೆ? ಅಂದಾನಿಗೆ ಹೆಣ್ಣು ಕೊಡೋ ಮಾತು. ಗೌಡರು ಖಡಕ್ಕಾಗಿ ಹೇಳಿ ಕಳಿಸಿದ್ದರು: “ಹುಡುಗನ ಮೀಸೆ ನೋಡಿ ನಾನು ಹೆಣ್ಣು ಕೊಡಲ್ಲ. ಅವನು ಹುಳ ಬಿಟ್ಟಿರೋ ಚಂದ್ರಿಕೆ ನೋಡ್ತೀನಿ. ಚೆನ್ನಾಗಿದ್ರೆ ಮಾತು, ಇಲ್ಲಾಂದ್ರೆ ಬಂದ ದಾರಿ.”

ಈಗಾಗಲೇ ಐದು ಕಡೆ ಹೆಣ್ಣು ತಪ್ಪಿತ್ತು. ಇದು ಆರನೇದು. ಹೊಂಬಾಳಮ್ಮನಿಗೆ ಅನ್ನ ಇಳಿಯುತ್ತಿರಲಿಲ್ಲ.

“ಲೇ ಅಂದಾನಿ, ಪೇಟೆಗೆ ಹೋಗಿ ಒಂದು ಟಾರ್ಚ್ ತಗಬಾರ್ಲಾ.”

“ಎಂಥದು ತರ್ಲವ್ವ?”

“ಈಗೆಲ್ಲ ಎಲ್ಲೀಡಿ ಅಂತೆ ಕಣ್ಲಾ, ಚಿಕ್ಕದು. ಮುಷ್ಟೀಲಿ ಅಡಗಿರಬೇಕು, ಅಂಥದು ತಾ.”

“ಆಯ್ತವ್ವ!”

ಹೋದ. ಸಾದಿಕ್ ಸಾಬರ ಅಂಗಡಿ. ಸಾಬರು ಒಂದೊಂದೇ ತೆಗೆದು ಇಟ್ಟರು. ಅಂದಾನಿ ಕೈ ಅಂದರೆ ಮೊರದಗಲ, ಎಲ್ಲವನ್ನೂ ಮುಷ್ಟಿಯಲ್ಲಿ ಹಿಡಿದು ನೋಡಿದ. ಒಂದರದ್ದು ತಲೆ ಹೊರಗೆ, ಇನ್ನೊಂದರದ್ದು ಬಾಲ ಹೊರಗೆ. ಕೊನೆಗೆ ಬೀಗದ ಕೈ ಗೊಂಚಲಿಗೆ ಹಾಕೋ ಆಟದ ದೀಪ, ಹುಣಸೆ ಬೀಜದಷ್ಟು. ಮುಷ್ಟಿ ಮುಚ್ಚಿದ, ಅಡಗಿತು! ಮುಚ್ಚಿದ ಮುಷ್ಟಿ ಮುಚ್ಚಿದ ಹಾಗೇ ಹೊರಟ.

ದಾರೀಲಿ ಮೇಷ್ಟ್ರು ಸಿಕ್ಕರು, ಒಂದೇ ಕೈಯಲ್ಲಿ ನಮಸ್ಕಾರ. ಬಸ್ಸು ಬಂತು, ಒಂದೇ ಕೈಯಲ್ಲಿ ಹತ್ತೋಕೆ ಹೋಗಿ ಮೂರು ಸಲ ಬಿದ್ದ. ಮನೆಗೆ ಬಂದ.

“ಎಲ್ಲಿ ತೋರ್ಲಾ.”

“ತೋರಲ್ಲ! ಅಡಗಿರಬೇಕು ಅಂದಲ್ಲ ನೀನು?”

ಹೊಂಬಾಳಮ್ಮ ಬೆರಳು ಒಂದೊಂದೇ ಬಿಡಿಸಿ ನೋಡಿದಳು. ಗುಂಡಿ ಒತ್ತಿದಳು. ಮಿಣಕ್ ಅಂತು. ಮಿಂಚುಹುಳ ಬಂದಿದ್ದರೆ ಅದೇ ಇದಕ್ಕೆ ದಾರಿ ತೋರಿಸುತ್ತಿತ್ತು.

“ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದೋನೆ! ಬೆಳಕು ನೋಡಿ ತರಬಾರದೇನ್ಲಾ? ಗೋಡೆ ಮೇಲೆ ಬಿಟ್ಟು ನೋಡ್ಬೇಕು. ಮೂಲೇಲಿರೋ ಹಲ್ಲಿ ಕಾಣಬೇಕು. ಹಲ್ಲಿ ಕಂಡ್ರೆ ತಾ, ಕಾಣದಿದ್ರೆ ಬೇಡ!”

“ಆಯ್ತವ್ವ! ಹಲ್ಲಿ ಕಂಡ್ರೆ ತಾ, ಕಾಣದಿದ್ರೆ ಬೇಡ.”

ಮಾರನೇ ದಿನ ಮತ್ತೆ ಅದೇ ಅಂಗಡಿ.

“ಇದು ನೋಡು ತಮ್ಮಾ, ಆಚೆ ಬೀದಿ ತೆಂಗಿನಮರದ ಕಾಯಿ ಎಣಿಸಬಹುದು.”

ಅಂದಾನಿ ಗೋಡೆಗೆ ಬಿಟ್ಟ. ಗೋಡೆ ಹಾಲು ಚೆಲ್ಲಿದ ಹಾಗೆ ಬೆಳಗಿತು.

“ಹಲ್ಲಿ ಎಲ್ಲಿ ಸಾಬ್ರೆ?”

“ಯಾವ ಹಲ್ಲಿ?”

“ಹಲ್ಲಿ ಕಾಣ್ತಿಲ್ಲ. ಬೇಡ!”

ಇನ್ನೊಂದು ತೆಗೆದರು. ಜೇಬಿಗೆ ಸಿಕ್ಕಿಸೋಕೆ ಕೊಕ್ಕೆ ಇರೋದು, ಬೆಳಕು ಹೆಚ್ಚು ಕಮ್ಮಿ ಆಗೋದು. “ಹಲ್ಲಿ ಇಲ್ಲ, ಬೇಡ!” ಮತ್ತೊಂದು. “ಹಲ್ಲಿ ಇಲ್ಲ, ಬೇಡ!” ಹತ್ತು ಟಾರ್ಚು ಆಯ್ತು, ಹನ್ನೆರಡು ಆಯ್ತು. ಸಾಬರ ಹಣೆಯಿಂದ ಬೆವರು ಇಳೀತಾ ಇತ್ತು.

“ಲೋ ತಮ್ಮಾ, ಮೊನ್ನೆ ತಾನೇ ಸುಣ್ಣ ಹೊಡೆಸಿದೀನಿ. ನನ್ನ ಅಂಗಡೀಲಿ ಹಲ್ಲೀನೇ ಇಲ್ಲ!”

“ಹಲ್ಲಿ ಇಲ್ದಿರೋ ಅಂಗಡೀಲಿ ಟಾರ್ಚು ಯಾಕೆ ಮಾರ್ತೀರಿ?”

ಸಾಬರಿಗೆ ತಲೆ ಗಿರ್ ಅಂತು. ಮನಸ್ಸು ತಣ್ಣಗಾಗಲಿ ಅಂತ ಒಂದು ಊದುಬತ್ತಿ ತಗೊಂಡು, ಮೂಲೆಗೆ ಹೋಗಿ, ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದರು. ಗೀರಿದ್ದೇ ತಡ, ಕ್ಯಾಲೆಂಡರಿನ ಹಿಂದಿನಿಂದ ಒಂದು ಹಲ್ಲಿ ಬುಳಕ್ ಅಂತ ಓಡಿತು!

“ಕಾಣ್ತು! ಹಲ್ಲಿ ಕಾಣ್ತು! ಅದನ್ನೇ ಕೊಡಿ ಸಾಬ್ರೆ!”

ಬೆಂಕಿಪೊಟ್ಟಣ ತಗೊಂಡು ಕುಣೀತಾ ಬಂದ. ಹೊಂಬಾಳಮ್ಮ ಅದನ್ನ ನೋಡಿದಳು. ಮಗನ್ನ ನೋಡಿದಳು. ಸೆರಗು ಬಾಯಿಗೆ ಇಟ್ಟುಕೊಂಡು ಹೊಸಿಲ ಮೇಲೆ ಕೂತಳು.

“ಹುಳಕ್ಕೆ ಹೊಗೆ ತಾಕಿದ್ರೆ ಸಾಯ್ತವೆ ಕಣ್ಲಾ! ಇನ್ನು ಎರಡು ದಿನ ಇರೋದು! ನಾನು ಸತ್ತ ಮೇಲೆ ನಿನಗೆ ಮುದ್ದೆ ತೊಳಸೋರು ಯಾರ್ಲಾ?”

ಅವಳ ಕಣ್ಣಲ್ಲಿ ನೀರು ನೋಡಿ ಅಂದಾನಿಗೂ ಅಳು ಬಂತು. ಪೆದ್ದನಾದರೂ ಕರುಳು ಇರಲ್ಲವಾ! ಮೂಗು ಒರೆಸಿಕೊಂಡು ಕೇಳಿದ: “ಸರಿಯಾಗಿ ಹೇಳವ್ವ, ಹಂಗೇ ಮಾಡ್ತೀನಿ.”

“ಸೊಪ್ಪು ತೊಳೆದ ಒದ್ದೆ ಕೈಲಿ ಹಿಡೀತೀವಿ, ನೀರಿಗೆ ಕೆಡಬಾರದು. ಕೈ ಜಾರುತ್ತೆ, ಬಿದ್ರೆ ಒಡೀಬಾರದು. ಗುಂಡಿ ಒತ್ತಿದ್ರೆ ಬೆಳಕು ಬರ್ಬೇಕು. ಇನ್ನು ಮೇಲೆ ಪೇಟೇಲಿ ಏನೇ ತಗೊಂಡ್ರೂ ನೀರಲ್ಲಿ ಅದ್ದಿ ನೋಡು, ಎತ್ತಿ ಹಾಕಿ ನೋಡು, ಆಮೇಲೆ ತಾ. ಹಂಗೇ ಬೀಗರಿಗೆ ಅಡಿಗೆ ಮಾಡ್ಬೇಕು, ಎರಡು ಸೇರು ಸಕ್ಕರೆ, ಒಂದು ಡಜನ್ ಮೊಟ್ಟೆ ತಾ.”

ಅಯ್ಯೋ, ಯಾಕಾದರೂ ಅಂದಳೋ!

ಮೂರನೇ ದಿನ ಅಂದಾನಿ ಬಂದಿದ್ದು ಕಂಡು ಸಾಬರು ಬಾಗಿಲು ಎಳೆಯೋಕೆ ಎದ್ದರು. ಅಷ್ಟರಲ್ಲಿ ಇವನು ಒಳಗೆ. ಅಂಗಡಿ ಮುಂದಿನ ಬಕೆಟ್ಟಿಗೆ ಒಂದು ಟಾರ್ಚು ಹಾಕಿದ, ಬುಳು ಬುಳು, ಆರಿತು. ಇನ್ನೊಂದು ಎತ್ತಿ ಹಾಕಿದ, ಠಪ್, ಎರಡಾಯ್ತು. ಮೂರನೇದು ಹೆಬ್ಬೆರಳು ಗಾತ್ರದ್ದು. ಅದ್ದಿದ, ಹತ್ತಿತು. ಎತ್ತಿ ಹಾಕಿದ, ಹತ್ತಿತು. ಗೋಡೆಗೆ ಬಿಟ್ಟ, ಕ್ಯಾಲೆಂಡರಿನ ಹಿಂದಿನ ಹಲ್ಲಿಯ ಬಾಲ ಕಂಡಿತು!

“ತಗೊಂಡು ಹೋಗಪ್ಪ,” ಅಂದರು ಸಾಬರು. “ದಿನಾ ಒಂದು ಹೊತ್ತು ಕರೆಂಟಿಗೆ ಹಾಕು. ಇನ್ನು ಈ ಕಡೆ ಬರಬೇಡ.”

ಮನೆಗೆ ಬಂದ. ಹೊಂಬಾಳಮ್ಮ ಗುಂಡಿ ಒತ್ತಿ ನೋಡಿದಳು. ಹುಳದ ಮನೆ ತುಂಬಾ ಬೆಳಕು! ಮಗನ ಕೆನ್ನೆ ಸವರಿದಳು. “ಬುದ್ಧಿ ಬಂತು ನನ್ನ ಕಂದಂಗೆ! ಸಕ್ಕರೆ ಎಲ್ಲೋ? ಮೊಟ್ಟೆ ಎಲ್ಲೋ?”

“ಕಳಪೆ ಮಾಲವ್ವ! ಸಕ್ಕರೆ ನೀರಲ್ಲಿ ಅದ್ದಿದೆ, ಕರಗೇ ಹೋಯ್ತು. ಮೊಟ್ಟೆ ಎತ್ತಿ ಹಾಕಿದೆ, ಹನ್ನೆರಡರಲ್ಲಿ ಒಂದಾದ್ರೂ ತಡೀಬೇಡ್ವಾ? ಬೇಡ ಅಂತ ಬಿಟ್ಟು ಬಂದೆ. ಅಂಗಡಿಯೋನು ಹೊಡೆಯೋಕೆ ಬಂದ, ಕಳ್ಳ!”

ಹೊಂಬಾಳಮ್ಮ ಹಣೆ ಹಣೆ ಚಚ್ಚಿಕೊಂಡಳು. ಪಕ್ಕದ ಮನೆಯಿಂದ ಬೆಲ್ಲ ತಂದಳು.

ನಾಲ್ಕನೇ ದಿನ ಬೆಳಗಾಯ್ತು. ಹುಳ ಹಣ್ಣಾದವು! ತಟ್ಟೆ ತಟ್ಟೆಯಲ್ಲೂ ಹರಿದಾಡ್ತಾವೆ. ಅವ್ವನಿಗೆ ಒಲೆ ಮುಂದೆ ಕೆಲಸ, ಹುಳದ ಮನೆಗೆ ಮಗನೇ ಗತಿ. ಅವನ ಎರಡೂ ಕಿವಿ ಹಿಡಿದು, ತನ್ನ ಮುಖದ ಹತ್ತಿರ ಎಳೆದುಕೊಂಡು ಹೇಳಿದಳು:

“ಕೇಳ್ಲಾ. ಟಾರ್ಚ್ ಬಿಟ್ಟು ನೋಡು. ಮೈ ಹಳದಿಯಾಗಿ ಹೊಳೀಬೇಕು, ಒಂದು. ಸೊಪ್ಪು ಹಿಡಿದ್ರೆ ಬಾಯಿ ಹಾಕಬಾರದು, ಎರಡು. ತಲೆ ಎತ್ತಿ ಆ ಕಡೆ ಈ ಕಡೆ ನೋಡ್ತಿರಬೇಕು, ಮೂರು. ಮೂರೂ ಗುರುತು ಇದ್ರೆ ಎತ್ತಿ ಚಂದ್ರಿಕೆ ಮೇಲೆ ಬಿಡು. ಈ ಮನೆಯೊಳಗೆ ಅಂಥದು ಒಂದೂ ತಪ್ಪಿ ಹೋಗಬಾರದು. ಬಿಟ್ಟ ಮೇಲೆ ಐದು ದಿನ ಮುಟ್ಟಬೇಡ, ಯಾರಿಗೂ ಮುಟ್ಟೋಕೆ ಬಿಡಬೇಡ. ಇದೊಂದು ಕೆಟ್ರೆ ನಿನಗೆ ಹೆಣ್ಣಿಲ್ಲ, ನನಗೆ ನೆಮ್ಮದಿ ಇಲ್ಲ!”

“ಆಯ್ತವ್ವ! ಹಳದಿ ಒಂದು, ಸೊಪ್ಪು ಎರಡು, ತಲೆ ಮೂರು!”

ಕೂತ ನೋಡಿ ಅಂದಾನಿ! ಟಾರ್ಚು ಬಿಡು, ಸೊಪ್ಪು ಹಿಡಿ, ತಲೆ ನೋಡು. ಒಂದು, ಎರಡು, ಮೂರು, ಎತ್ತಿ ಬಿಡು! ಸಾವಿರಾರು ಹುಳ. ಬೇರೆಯೋನಾಗಿದ್ದರೆ ಬಾಚಿ ಬಾಚಿ ಹಾಕುತ್ತಿದ್ದ. ಇವನು ಒಂದೊಂದನ್ನೂ ಮಾತಾಡಿಸಿ ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಚಂದ್ರಿಕೆ ಎಲ್ಲ ತುಂಬಿ, ಒಂದು ಮಾತ್ರ ಖಾಲಿ ಉಳಿಯಿತು.

ಆಗ ಬಂದರು ತಿಬ್ಬೇಗೌಡರು. ಒಳ್ಳೇ ಕಣಜದಂಥ ಹೊಟ್ಟೆ. ಮೈ ಮೇಲೆ ಹಳದಿ ರೇಷ್ಮೆ ಶಲ್ಯ.

“ಬನ್ನಿ ಅಣ್ಣಾ, ಬನ್ನಿ. ಒಂಚೂರು ಕೋಡುಬಳೆ ತಗೊಳ್ಳಿ.”

“ಬೇಡ ಕಣಮ್ಮ, ಈಗ ತಾನೇ ಆಯ್ತು. ಮೊದಲು ಹುಳದ ಮನೆ ನೋಡಾನ.”

ಹೊಂಬಾಳಮ್ಮ ಒಬ್ಬಟ್ಟು ಸೀದೀತು ಅಂತ ಒಳಗೆ ಓಡಿದಳು. ಗೌಡರು ಹುಳದ ಮನೆಗೆ ಕಾಲಿಟ್ಟರು. ಕತ್ತಲು. ಛಾವಣಿ ಗಟ್ಟಿಯೋ, ತೊಲೆ ನೆಟ್ಟಗಿದೆಯೋ ಅಂತ ತಲೆ ಎತ್ತಿ ಆ ಕಡೆ ನೋಡಿದರು, ಈ ಕಡೆ ನೋಡಿದರು.

ಅಂದಾನಿ ಕಣ್ಣು ಅರಳಿತು. ಟಾರ್ಚು ಬಿಟ್ಟ, ಹೊಟ್ಟೆ ಮೇಲೆ ಶಲ್ಯ ಜಗ್ ಅಂತ ಹಳದಿ ಹೊಳೆಯಿತು. “ಒಂದು!”

“ಏನಪ್ಪ ಒಂದು?”

ಒಂದು ಹಿಡಿ ಸೊಪ್ಪು ತಗೊಂಡು ಗೌಡರ ಮೂಗಿನ ಕೆಳಗೆ ಹಿಡಿದ. ಗೌಡರು ಥೂ ಅಂತ ಮುಖ ತಿರುಗಿಸಿದರು. “ಎರಡು!”

“ಏನಯ್ಯಾ ಇದು? ಯಾರಮ್ಮ ಒಳಗೆ?” ಅಂತ ಗೌಡರು ಗಾಬರಿಯಾಗಿ ತಲೆ ಎತ್ತಿ ಆ ಕಡೆ ಈ ಕಡೆ ನೋಡಿದರು.

“ಮೂರು!”

ಎರಡು ಮೂಟೆ ಹೊತ್ತು ಓಡೋ ಆಳು, ಒಬ್ಬ ಗೌಡರು ಯಾವ ಲೆಕ್ಕ! ಸೊಂಟಕ್ಕೆ ಕೈ ಹಾಕಿ ಎತ್ತಿದ, ಖಾಲಿ ಚಂದ್ರಿಕೆ ಮೇಲೆ ಮಲಗಿಸಿದ, ಚಂದ್ರಿಕೆ ಸಮೇತ ಗೋಡೆಗೆ ಒರಗಿಸಿ ನಿಲ್ಲಿಸಿದ. ಬಿದಿರು ಪಟ್ಟಿಗೆ ಕಚ್ಚೆ ಸಿಕ್ಕಿಕೊಂಡು ಗೌಡರು ಅಲ್ಲಾಡುವ ಹಾಗಿಲ್ಲ.

“ಅಯ್ಯಯ್ಯೋ! ಹೊಂಬಾಳಮ್ಮಾ!”

ಅವಳು ಸಟ್ಟುಗ ಹಿಡಿದೇ ಓಡಿ ಬಂದಳು. ನೋಡಿದಳು. ಸಟ್ಟುಗ ಕೈ ಜಾರಿತು.

“ಬೀಗರನ್ನ ಇಳಿಸೋ ಪಾಪಿ!”

“ಮುಟ್ಟಬೇಡವ್ವ! ಐದು ದಿನ ಮುಟ್ಟಬಾರದು!”

“ನಾನೇ ಹೇಳ್ತಿದೀನಲ್ಲೋ, ಇಳಿಸು!”

“ಯಾರಿಗೂ ಮುಟ್ಟೋಕೆ ಬಿಡಬೇಡ ಅಂದೋಳೂ ನೀನೇ. ದೂರ ನಿಂತ್ಕೋ!”

ಹೊಂಬಾಳಮ್ಮ ಗೋಡೆಗೆ ಒರಗಿ ಕುಸಿದಳು. ಆರನೇ ಹೆಣ್ಣೂ ಹೋಯ್ತು. ಅಷ್ಟರಲ್ಲಿ ಚಂದ್ರಿಕೆ ಗಡಗಡ ಅಲ್ಲಾಡಿತು. ನೋಡಿದರೆ ಗೌಡರು ನಗ್ತಾ ಇದ್ದಾರೆ! ಮೇಲಿಂದ ಅವರಿಗೆ ಸುತ್ತಲ ಚಂದ್ರಿಕೆ ಎಲ್ಲ ಕಂಡಿತ್ತು. ಒಂದು ಕಾಯಿಹುಳ ಬೆರೆತಿಲ್ಲ, ಒಂದು ಹಣ್ಣುಹುಳ ಬಿಟ್ಟುಹೋಗಿಲ್ಲ, ಆಗಲೇ ಬೆಳ್ಳಗೆ ನೂಲು ಬಿಡ್ತಾವೆ.

“ನಲವತ್ತು ವರ್ಷದಿಂದ ಹುಳ ಸಾಕ್ತಿದೀನಿ ಕಣಮ್ಮ, ಇಂಥ ಚಂದ್ರಿಕೆ ನೋಡಿಲ್ಲ. ನನ್ನ ಮಗಳು ಜವರಮ್ಮಂಗೆ ಎರಡಾಳಿನ ಬುದ್ಧಿ ಐತೆ, ಹೇಳಿದ ಮಾತು ಕೇಳೋನು ಬೇಕಿತ್ತು. ಹೆಣ್ಣು ಕೊಟ್ಟೆ ತಗೊ! ಈಗ ಇಳಿಸಪ್ಪ ಅಳಿಯ.”

ಹೊಂಬಾಳಮ್ಮ ಅತ್ತಳು, ನಕ್ಕಳು, ಮತ್ತೆ ಅತ್ತಳು. ಅಂದಾನಿ ಮಾತ್ರ ನಗಲಿಲ್ಲ. ಟಾರ್ಚು ತಗೊಂಡು ಮಾವನ ಹೊಟ್ಟೆ ಮೇಲೆ ಬಿಟ್ಟ. ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ, ತಲೆ ಅಲ್ಲಾಡಿಸಿದ.

“ಇನ್ನೂ ಒಂದು ಎಳೆ ನೂಲೂ ಬಿಟ್ಟಿಲ್ಲ ಕಣವ್ವ. ಒಳಗೆ ಮಾಲು ಭಾರಿ ಐತೆ. ಈ ಹುಳಕ್ಕೆ ಐದು ದಿನ ಸಾಲಲ್ಲ, ಹತ್ತಾದ್ರೂ ಬೇಕು!”

ತಿಬ್ಬೇಗೌಡರು ಅಲ್ಲಿ ಚಂದ್ರಿಕೆ ಮೇಲೆ, ನಾವು ಇಲ್ಲಿ ಜಗಲಿ ಮೇಲೆ.